ಹಣಕಾಸು, ಪ್ರಶ್ನೋತ್ತರ: ‘ಆರು ಜನರನ್ನು ಸೇರಿಸಿದರೆ ಸಾಕು’

ಇತ್ತೀಚೆಗೆ ಮಂಗಳೂರು ಮತ್ತು ಉಡುಪಿಯ ಓದುಗರಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಮೊಬೈಲ್ ಮೂಲಕ ನಡೆಯುವ ಚೈನ್ ಸ್ಕೀಮ್‌ಗಳಿಗೂ ಅವುಗಳ ಹತ್ತಿರದ ನೆಂಟರಿಗೂ ಮೀಸಲಿಡಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನಾನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಮಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಒಂದು ಆ್ಯಪ್‌ಗೆ ಸೇರುವಂತೆ ಒತ್ತಾಯಿಸುತ್ತಿದ್ದಾನೆ. 12,000 ರೂಪಾಯಿ ಕಟ್ಟಿ ಐಡಿ ಮಾಡಿಸಿಕೊಂಡು ದಿನಕ್ಕೆ ಐದು ಜಾಹೀರಾತು ನೋಡಿದರೆ 120 ರೂಪಾಯಿ ಜಮೆಯಾಗುತ್ತದಂತೆ. ಆರು ಜನರನ್ನು ಸೇರಿಸಿದರೆ ತಲೆಗೆ 1,500 ರೂಪಾಯಿ ಕಮಿಷನ್, ಆ ಆರು ಜನರು ಸೇರಿಸಿದವರಿಂದಲೂ ಒಂದಷ್ಟು ಪಾಲು ಇದೆಯಂತೆ. ಅವನ ಖಾತೆಗೆ ಹಣ ಬಂದಿರುವುದನ್ನು ಪಾಸ್‌ಬುಕ್ಕಿನಲ್ಲಿ ನಾನೇ ನೋಡಿದ್ದೇನೆ. ಹಣ ಬರುತ್ತಿರುವಾಗ ಮೋಸ ಎನ್ನುವುದು ಹೇಗೆ? (ನಿವೃತ್ತ ಅಂಚೆ ನೌಕರರು, ಉಡುಪಿ)

ಉತ್ತರ: ಹಣ ಬರುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. ಅದು ಯಾರ ಹಣ ಎಂಬುದನ್ನು ನೀವು ಕೇಳಬೇಕು. ದಿನಕ್ಕೆ 120 ರೂಪಾಯಿಯಂತೆ ನೂರು ದಿನಕ್ಕೆ ನಿಮ್ಮ 12,000 ರೂಪಾಯಿ ವಾಪಸಾಗಿ, ವರ್ಷ ತುಂಬುವಾಗ 43,800 ರೂಪಾಯಿ ಕೈಗೆ ಬರಬೇಕು. ಅಂದರೆ ಹಾಕಿದ ಹಣವನ್ನು ಕಳೆದರೂ ವರ್ಷಕ್ಕೆ ಶೇಕಡಾ 265ರಷ್ಟು ಲಾಭ. ಬ್ಯಾಂಕುಗಳು ನಿಶ್ಚಿತ ಠೇವಣಿಗೆ ಕೊಡುವ ಬಡ್ಡಿ ಒಂದಂಕಿಯಲ್ಲೇ ಇರುವಾಗ, ಐದು ಜಾಹೀರಾತು ನೋಡಿದವರಿಗೆಲ್ಲ ಇಷ್ಟು ಹಣ ಕೊಡುವ ವ್ಯವಹಾರ ಯಾವುದು ಎಂದು ನಿಮ್ಮ ಅಳಿಯನನ್ನೇ ಕೇಳಿ ನೋಡಿ. ಜಾಹೀರಾತು ಕೊಡುವ ವ್ಯಾಪಾರಿಗೆ ಬೇಕಾದದ್ದು ತನ್ನ ಸರಕನ್ನು ಕೊಳ್ಳಬಲ್ಲ ಗಿರಾಕಿ. ಕೂಲಿಗಾಗಿ ಪರದೆಯ ಮೇಲೆ ಬೆರಳೊತ್ತುವವರ ನೋಟಕ್ಕೆ ಅವನು ದುಡ್ಡು ಸುರಿಯುವುದಿಲ್ಲ, ಸುರಿದರೂ ನೋಡುವವನಿಂದ ಮೊದಲು 12,000 ರೂಪಾಯಿ ಕಟ್ಟಿಸಿಕೊಳ್ಳಬೇಕಾದ ಕಾರಣವಿಲ್ಲ. ಜಾಹೀರಾತು ನೋಡುವುದು ಇಲ್ಲಿ ತೋರಿಕೆಯ ಕೆಲಸ. ನಿಜವಾದ ಆದಾಯ ಹೊಸದಾಗಿ ಸೇರುವವರು ಕಟ್ಟುವ ಹಣ ಮಾತ್ರ, ಮತ್ತು ನೀವು ಪಾಸ್‌ಬುಕ್ಕಿನಲ್ಲಿ ಕಂಡದ್ದು ಅದನ್ನೇ.

ನೀವು ಅಂಚೆಯವರಾದ್ದರಿಂದ ಈ ಕತೆಯ ಮೂಲ ನಿಮಗೆ ಕುತೂಹಲ ಹುಟ್ಟಿಸೀತು. 1920ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ, ಒಂದು ದೇಶದಲ್ಲಿ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್‌ಗಳನ್ನು (ಪರದೇಶದವರು ಉತ್ತರ ಬರೆಯಲು ಅಂಚೆಚೀಟಿಗೆ ಬದಲಾಯಿಸಿಕೊಳ್ಳುವ ಕೂಪನ್) ಅಗ್ಗಕ್ಕೆ ಕೊಂಡು ಅಮೆರಿಕದ ಅಂಚೆ ಕಚೇರಿಯಲ್ಲಿ ಹೆಚ್ಚಿನ ಬೆಲೆಗೆ ಬದಲಾಯಿಸಿಕೊಳ್ಳುವುದಾಗಿ ಹೇಳಿ, 45 ದಿನಕ್ಕೆ ಶೇಕಡಾ 50ರಷ್ಟು ಲಾಭದ ಭರವಸೆ ಕೊಟ್ಟು ಜನರಿಂದ ಹಣ ಸಂಗ್ರಹಿಸಿದ. ಮೊದಲು ಬಂದವರಿಗೆ ಹೇಳಿದ ದಿನಕ್ಕೆ ಹಣ ಕೊಟ್ಟ. ಅವರು ಊರಿಡೀ ಹೇಳಿಕೊಂಡು ಬಂದರು. ಹೇಳಿಕೊಳ್ಳುವಷ್ಟು ಕೂಪನ್ ಖರೀದಿ ನಡೆದೇ ಇರಲಿಲ್ಲ, ನಿನ್ನೆ ಬಂದವನಿಗೆ ಇಂದು ಬಂದವನ ಹಣ ಹೋಗುತ್ತಿತ್ತು, ಅದೇ ವರ್ಷ ಎಲ್ಲವೂ ಕುಸಿಯಿತು. ನಮ್ಮ ದೇಶದಲ್ಲಿ 2010 ಮತ್ತು 2011ರ ನಡುವೆ ಸ್ಪೀಕ್ ಏಷ್ಯಾ ಎಂಬ ಆನ್‌ಲೈನ್ ಸಂಸ್ಥೆ 11,000 ರೂಪಾಯಿ ಚಂದಾ ಕಟ್ಟಿಸಿಕೊಂಡು, ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರ ತುಂಬಿದವರಿಗೆ ಹಣ ಕೊಡುತ್ತಿತ್ತು. ಹೊಸ ಸದಸ್ಯರನ್ನು ತಂದವರಿಗೆ ಬೇರೆ ಕಮಿಷನ್ ಇತ್ತು. 2011ರಲ್ಲಿ ಪಾವತಿ ನಿಂತಾಗ ಲಕ್ಷಾಂತರ ಜನರ ಚಂದಾ ಅದರಲ್ಲಿ ಸಿಕ್ಕಿಬಿದ್ದಿತ್ತು. ಆಗ ಸಮೀಕ್ಷೆ, ಈಗ ಜಾಹೀರಾತು. ಕೆಲವು ಕಡೆ ಇದನ್ನೇ ಕ್ರಿಪ್ಟೋ ಎಂದೂ ಫಾರೆಕ್ಸ್ ಎಂದೂ ಕರೆಯುತ್ತಾರೆ.

ಇನ್ನು ಆರು ಜನರ ಲೆಕ್ಕ. ಒಬ್ಬರು ಆರು ಮಂದಿಯನ್ನು, ಆ ಆರರಲ್ಲಿ ಪ್ರತಿಯೊಬ್ಬರೂ ಮತ್ತೆ ಆರು ಮಂದಿಯನ್ನು ಸೇರಿಸುತ್ತ ಹೋದರೆ ಎರಡನೆಯ ಹಂತದಲ್ಲಿ 36, ಐದನೆಯದರಲ್ಲಿ 7,776, ಎಂಟನೆಯದರಲ್ಲಿ 16,79,616 ಜನ ಬೇಕಾಗುತ್ತಾರೆ. ಒಂಬತ್ತನೆಯ ಹಂತಕ್ಕೆ ಒಂದು ಕೋಟಿಗಿಂತ ಹೆಚ್ಚು ಹೊಸಬರು ಬೇಕು. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಜನಸಂಖ್ಯೆ ಸುಮಾರು 20.9 ಲಕ್ಷ, ಉಡುಪಿಯದು ಸುಮಾರು 11.8 ಲಕ್ಷ, ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರನ್ನೂ ಎಣಿಸಿದರೂ ಎರಡು ಜಿಲ್ಲೆ ಸೇರಿ 33 ಲಕ್ಷ ತುಂಬುವುದಿಲ್ಲ. ಸರಪಳಿ ಮೂರನೆಯ ಹಂತದಲ್ಲಿ ನಿಲ್ಲಲಿ, ಎಂಟನೆಯದರಲ್ಲಿ ನಿಲ್ಲಲಿ, ನಿಂತ ದಿನ ಸದಸ್ಯರಲ್ಲಿ ಆರಕ್ಕೆ ಸುಮಾರು ಐವರು ಕಟ್ಟಕಡೆಯ ಸಾಲಿನಲ್ಲಿರುತ್ತಾರೆ, ಅವರ ಕೆಳಗೆ ಒಬ್ಬರೂ ಇರುವುದಿಲ್ಲ. ಇದು ಯಾರೋ ಕೆಟ್ಟವರಾದ್ದರಿಂದ ಆಗುವ ನಷ್ಟವಲ್ಲ. ಮೇಲಿರುವವರೆಲ್ಲ ಪ್ರಾಮಾಣಿಕರಾಗಿದ್ದರೂ ಲೆಕ್ಕ ಹೀಗೆಯೇ ಬರುತ್ತದೆ.

ನಿಮ್ಮ ಅಳಿಯ ನಿಮಗೆ ಮೋಸ ಮಾಡಲು ಹೊರಟಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಬಹುಶಃ ಅವನು ಪೂರ್ತಿ ನಂಬಿದ್ದಾನೆ, ಆದ್ದರಿಂದಲೇ ಅವನ ಮಾತಿಗೆ ತೂಕ ಬಂದಿದೆ. ಅಳಿಯಸಂತಾನದ ಈ ನಾಡಿನಲ್ಲಿ ಸೋದರಮಾವನಾದವನು ಅಳಿಯನಿಗೆ ಇಲ್ಲ ಎನ್ನುವುದು ಸುಲಭವಲ್ಲ ಎಂಬುದು ಆ್ಯಪ್ ನಡೆಸುವವರಿಗೆ ಗೊತ್ತಿಲ್ಲದಿರಬಹುದು, ಆದರೆ ಸಂಬಂಧಿಕರಿಂದಲೇ ಶುರುಮಾಡಿ ಎಂದು ಅವರು ತರಬೇತಿ ಕೊಡುವುದು ಇಂಥ ಮುಲಾಜನ್ನು ನೆಚ್ಚಿಕೊಂಡೇ. ಅವನ ಮೇಲೆ ನಿಮಗೆ ಪ್ರೀತಿಯಿದ್ದರೆ, ಆ 12,000 ರೂಪಾಯಿಯನ್ನು ಕಟ್ಟದೆ, ಅವನು ಹಾಕಿದ್ದರಲ್ಲಿ ತೆಗೆಯಲು ಸಾಧ್ಯವಿರುವುದನ್ನು ಇವತ್ತೇ ತೆಗೆದುಕೊಂಡು ಹೊರಬರುವಂತೆ ಹೇಳಿ. ‘ಈಗ ತೆಗೆದರೆ ಬೋನಸ್ ಹೋಗುತ್ತದೆ’ ಎಂಬ ಉತ್ತರ ಬಂದರೆ ಉಳಿದದ್ದು ನಿಮಗೇ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಲಕ್ಕಿ ಸ್ಕೀಮ್. ತಿಂಗಳಿಗೆ 1,000 ರೂಪಾಯಿಯಂತೆ 20 ತಿಂಗಳು ಕಟ್ಟಬೇಕು. ಪ್ರತಿ ತಿಂಗಳು ಇನ್‌ಸ್ಟಾಗ್ರಾಮ್ ಲೈವ್‌ನಲ್ಲಿ ಡ್ರಾ ನಡೆದು ಕಾರು, ಸ್ಕೂಟರ್, ಚಿನ್ನ ಕೊಡುತ್ತಾರೆ. ಗೆದ್ದವರು ಮುಂದಿನ ಕಂತು ಕಟ್ಟಬೇಕಿಲ್ಲ, ಗೆಲ್ಲದವರಿಗೆ ಕೊನೆಗೆ ಕಟ್ಟಿದ ಮೊತ್ತದ ಚಿನ್ನವೋ ಪೀಠೋಪಕರಣವೋ ಸಿಗುತ್ತದೆ. ಕಂತು ಸಂಗ್ರಹಿಸುವವರು ನಮ್ಮ ಮನೆಗೆ ಹಿಂದೆ ವರ್ಷಗಟ್ಟಲೆ ಪಿಗ್ಮಿಗೆ ಬರುತ್ತಿದ್ದವರೇ ಆದ್ದರಿಂದ ಸೇರಿದೆವು. ಇದರಲ್ಲಿ ಜನರನ್ನು ಸೇರಿಸಬೇಕೆಂಬ ಕಡ್ಡಾಯವಿಲ್ಲ. ಹಾಗಾದರೆ ಇದು ಸರಿಯೇ? (ಗೃಹಿಣಿ, ಸುರತ್ಕಲ್)

ಉತ್ತರ: ಇದು ಒಬ್ಬರ ಕೆಳಗೊಬ್ಬರನ್ನು ಸೇರಿಸುತ್ತ ಹೋಗುವ ಪಿರಮಿಡ್ ಅಲ್ಲ, ನಿಜ. ಆದರೆ ಎರಡನ್ನೂ ಒಂದೇ ಕಾಯ್ದೆ ನಿಷೇಧಿಸಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ ನಿಷೇಧ ಕಾಯ್ದೆಯಲ್ಲಿ ಪ್ರೈಜ್ ಚಿಟ್ ಎಂದರೇನೆಂದು ವಿವರಿಸಿದ್ದನ್ನು ಓದಿದರೆ ನೀವು ಬರೆದ ಪತ್ರವನ್ನೇ ಓದಿದಂತಾಗುತ್ತದೆ: ಕಂತಿನಲ್ಲಿ ಹಣ ಸಂಗ್ರಹಿಸಿ, ಚೀಟಿ ಎತ್ತುವ ಮೂಲಕ ಕೆಲವರಿಗೆ ಬಹುಮಾನ ಕೊಟ್ಟು, ಉಳಿದವರಿಗೆ ಅವಧಿಯ ಕೊನೆಗೆ ಕಟ್ಟಿದ್ದನ್ನು ಪೂರ್ತಿಯಾಗಿಯೋ ಭಾಗಶಃವೋ ಮರಳಿಸುವುದು. ನಡೆಸುವವರಿಗೆ ಮೂರು ವರ್ಷಗಳ ತನಕ ಸೆರೆವಾಸವಿದೆ. ಕಾಯ್ದೆಯ ಮೂರನೆಯ ಕಲಮು ಸದಸ್ಯರಾಗಿ ಸೇರುವುದನ್ನೂ ನಿಷೇಧಿಸುತ್ತದೆ ಎಂಬುದನ್ನು ಲೈವ್‌ನಲ್ಲಿ ಯಾರೂ ಹೇಳುವುದಿಲ್ಲ.

ಹಣದ ದಾರಿಯನ್ನು ಹಿಡಿದು ನೋಡೋಣ. 5,000 ಜನ ಸೇರಿದ್ದಾರೆಂದು ಇಟ್ಟುಕೊಂಡರೆ ತಿಂಗಳಿಗೆ 50 ಲಕ್ಷ, 20 ತಿಂಗಳಿಗೆ ಹತ್ತು ಕೋಟಿ ರೂಪಾಯಿ ಸಂಗ್ರಹವಾಗಬೇಕು. ಗೆದ್ದವರ ಕಂತು ನಿಲ್ಲುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಕಡಿಮೆ. ಅದರಿಂದಲೇ ಕಾರುಗಳ ಬೆಲೆ, ಏಜೆಂಟರ ಕಮಿಷನ್, ರೀಲ್ಸ್ ಮಾಡುವವರ ಸಂಭಾವನೆ, ಕಚೇರಿಯ ಖರ್ಚು, ಮಾಲೀಕರ ಲಾಭ ಎಲ್ಲವೂ ಹೋಗಬೇಕು. ಹಾಗಿದ್ದೂ ಗೆಲ್ಲದ ಸಾವಿರಾರು ಜನರಿಗೆ ಕೊನೆಗೆ ತಲಾ 20,000 ರೂಪಾಯಿಯ ಚಿನ್ನ ಕೊಡಬೇಕು. ಬಾಕಿ ಬೀಳುವ ಹಣ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ, ಮೊದಲ ಸ್ಕೀಮ್ ಮುಗಿಯುವ ಮೊದಲೇ ಆರಂಭವಾಗುವ ‘ಸೀಸನ್ 2’ರ ಕಂತಿನಿಂದ. ಆದ್ದರಿಂದ ಒಂದು ಸ್ಕೀಮಿನ ಬ್ಯಾನರ್ ಇಳಿಯುವ ಮುನ್ನವೇ ಇನ್ನೊಂದು ಏರುವುದನ್ನು ಕಂಡಾಗ ಅದನ್ನು ಏಳಿಗೆಯ ಲಕ್ಷಣವೆಂದು ತಿಳಿಯಬೇಡಿ.

ಪಿಗ್ಮಿಯ ಮಾತು ಬಂದದ್ದರಿಂದ ಒಂದು ವಿಷಯ. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲಿ ಸಂಗ್ರಹಿಸುವ ಈ ಪದ್ಧತಿಯನ್ನು 1928ರಲ್ಲಿ ಆರಂಭಿಸಿದ್ದು, ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ ಬ್ಯಾಂಕುಗಳೂ ಈ ಕರಾವಳಿಯಲ್ಲೇ ಹುಟ್ಟಿದ್ದರಿಂದ, ಚೀಲ ಹಿಡಿದು ಬಂದವರ ಕೈಗೆ ಹಣ ಕೊಡುವುದು ನಮ್ಮ ಹಿರಿಯರಿಗೆ ಅಭ್ಯಾಸವಾಗಿತ್ತು. ಆದರೆ ಆಗ ಬರುತ್ತಿದ್ದವರ ಹಿಂದೆ ಒಂದು ಬ್ಯಾಂಕು, ಬ್ಯಾಂಕಿನ ಹಿಂದೆ ರಿಸರ್ವ್ ಬ್ಯಾಂಕು ಇದ್ದವು. ಬ್ಯಾಂಕಿನ ಪಿಗ್ಮಿ ಠೇವಣಿಗೆ ಉಳಿದ ಠೇವಣಿಗಳಂತೆ ಐದು ಲಕ್ಷ ರೂಪಾಯಿಯವರೆಗೆ ವಿಮೆಯೂ ಇದೆ. ಅದೇ ವ್ಯಕ್ತಿ ಇಂದು ಲಕ್ಕಿ ಸ್ಕೀಮಿನ ಕಂತನ್ನು ಯಾರದೋ ಸ್ವಂತ ಯುಪಿಐ ನಂಬರಿಗೆ ಕಳುಹಿಸಲು ಹೇಳಿದಾಗ ಮುಖ ಮಾತ್ರ ಹಳೆಯದು, ಹಿಂದೆ ನಿಲ್ಲಲು ಯಾರೂ ಇಲ್ಲ.

ನೋಂದಾಯಿತ ಚಿಟ್ ಫಂಡ್ ಇದಕ್ಕಿಂತ ಬೇರೆ ಎಂಬುದನ್ನೂ ತಿಳಿದಿರಿ. ಅದು 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನಡೆಯುತ್ತದೆ, ಪ್ರತಿ ಗುಂಪಿಗೂ ನಿಬಂಧಕರ ಅನುಮತಿ ಬೇಕು, ಒಟ್ಟು ಮೊತ್ತ ಸದಸ್ಯರಲ್ಲೇ ಸುತ್ತುತ್ತದೆ, ನಡೆಸುವವರ ಕಮಿಷನ್ ಶೇಕಡಾ 7ನ್ನು ಮೀರುವಂತಿಲ್ಲ. ಅನುಮತಿ ಪತ್ರದ ಸಂಖ್ಯೆ ಕೇಳಿದಾಗ ಮುಖ ಸಿಂಡರಿಸುವವರ ಬಳಿ ಚಿಟ್ ಹಾಕುವುದು ಬೇಡ.

ಪ್ರಶ್ನೆ: ಆರೋಗ್ಯವರ್ಧಕ ಪುಡಿ ಮಾರುವ ಕಂಪನಿಯೊಂದು ನಗರದ ಹೋಟೆಲಿನ ಹಾಲ್‌ನಲ್ಲಿ ಸಭೆ ನಡೆಸಿ ಜಿಎಸ್‌ಟಿ ನೋಂದಣಿ, ಕಂಪನಿ ನೋಂದಣಿ ಪತ್ರ, ಐಎಸ್‌ಒ ಪ್ರಮಾಣಪತ್ರ ಎಲ್ಲವನ್ನೂ ಪರದೆಯ ಮೇಲೆ ತೋರಿಸಿತು. 8,500 ರೂಪಾಯಿಯ ಕಿಟ್ ಕೊಂಡರೆ ಡಿಸ್ಟ್ರಿಬ್ಯೂಟರ್ ಆಗಬಹುದಂತೆ. ಸರ್ಕಾರಿ ಮಾನ್ಯತೆ ಇರುವಾಗ ಹೆದರಬೇಕೇ? (ದಿನಸಿ ಅಂಗಡಿ ಮಾಲೀಕರು, ಕಂಕನಾಡಿ)

ಉತ್ತರ: ಆ ಪತ್ರಗಳು ನಕಲಿಯೇ ಆಗಿರಬೇಕಿಲ್ಲ. ಕಂಪನಿ ನೋಂದಣಿ ಪತ್ರವು ಜನನ ಪ್ರಮಾಣಪತ್ರದಂತೆ. ಹುಟ್ಟಿದ್ದನ್ನು ಹೇಳುತ್ತದೆಯೇ ಹೊರತು ನಡತೆಯನ್ನು ಹೇಳುವುದಿಲ್ಲ. ಜಿಎಸ್‌ಟಿ ಸಂಖ್ಯೆ ತೆರಿಗೆಗಾಗಿ ಇರುವುದು, ನಿಮ್ಮ ಅಂಗಡಿಗೂ ಇದೆ.

ನೇರ ಮಾರಾಟ ಅಥವಾ ಡೈರೆಕ್ಟ್ ಸೆಲ್ಲಿಂಗ್ ಎಂಬುದು ಕಾನೂನುಬದ್ಧ ವ್ಯಾಪಾರವೇ. ಆದರೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹೊರಡಿಸಿದ ನಿಯಮಗಳು ಇಂಥ ಕಂಪನಿಗಳು ಪಿರಮಿಡ್ ಯೋಜನೆ ನಡೆಸುವುದನ್ನೂ, ಸೇರುವವರಿಂದ ಪ್ರವೇಶ ಶುಲ್ಕ ವಸೂಲು ಮಾಡುವುದನ್ನೂ ನಿಷೇಧಿಸುತ್ತವೆ. ‘ಶುಲ್ಕವಿಲ್ಲ, ಕಿಟ್ ಮಾತ್ರ ಕೊಳ್ಳಬೇಕು’ ಎಂಬುದು ಆ ನಿಯಮವನ್ನು ಹಿಂಬಾಗಿಲಿನಿಂದ ದಾಟುವ ಉಪಾಯ. ನೀವು ವ್ಯಾಪಾರಿಗಳಾದ್ದರಿಂದ ನಿಮಗೊಂದು ಸುಲಭ ಪರೀಕ್ಷೆ ಇದೆ: ಕಮಿಷನ್ ಮಾತೆತ್ತದೆ ಆ ಪುಡಿಯನ್ನು ಅದೇ ಬೆಲೆಗೆ ನಿಮ್ಮ ಕಪಾಟಿನಲ್ಲಿಟ್ಟರೆ, ಬೆಲ್ಲ ಕುಚ್ಚಲಕ್ಕಿ ಒಯ್ಯಲು ಬಂದ ಗಿರಾಕಿ ಅದನ್ನು ಎರಡನೆಯ ಸಲವೂ ಕೊಂಡಾನೇ? ಇಲ್ಲವೆನಿಸಿದರೆ ಅಲ್ಲಿ ಮಾರಾಟವಾಗುತ್ತಿರುವುದು ಪುಡಿಯಲ್ಲ, ಸದಸ್ಯತ್ವ.

ಪ್ರಶ್ನೆ: ದಯವಿಟ್ಟು ಹೆಸರು ಹಾಕಬೇಡಿ. ಒಂದು ಟ್ರೇಡಿಂಗ್ ಆ್ಯಪ್‌ಗೆ ನಾನು ಸೇರಿದ್ದಲ್ಲದೆ ಅತ್ತಿಗೆಯನ್ನೂ, ನೆರೆಮನೆಯವರನ್ನೂ, ನಮ್ಮ ಸ್ವಸಹಾಯ ಗುಂಪಿನ ಕೆಲವರನ್ನೂ ಸೇರಿಸಿ ಒಟ್ಟು ಹನ್ನೊಂದು ಐಡಿ ಹಾಕಿಸಿದ್ದೇನೆ. ಒಬ್ಬರು ಬಳೆ ಅಡವಿಟ್ಟು ಹಣ ಕಟ್ಟಿದ್ದಾರೆ. ಮೂರು ವಾರಗಳಿಂದ ವಿತ್‌ಡ್ರಾ ಆಗುತ್ತಿಲ್ಲ. ಸರ್ವರ್ ಅಪ್‌ಗ್ರೇಡ್ ಆಗುತ್ತಿದೆ, ವಾಲೆಟ್ ಮೊತ್ತದ ಶೇಕಡಾ 18ನ್ನು ತೆರಿಗೆಯಾಗಿ ಕಟ್ಟಿದರೆ ಹಣ ಬಿಡುಗಡೆಯಾಗುತ್ತದೆ ಎನ್ನುತ್ತಾರೆ. ನನ್ನ ಅಪ್‌ಲೈನ್‌ನವರು (ನನ್ನನ್ನು ಸೇರಿಸಿದವರು) ಇನ್ನೂ ನಾಲ್ಕು ಜನರನ್ನು ತಂದರೆ ನನ್ನ ಐಡಿ ತೆರೆಯುತ್ತದೆ ಎಂದಿದ್ದಾರೆ. ಏನು ಮಾಡಲಿ? (ಓದುಗರೊಬ್ಬರು, ಮಲ್ಪೆ)

ಉತ್ತರ: ಮೊದಲನೆಯದಾಗಿ, ಆ ನಾಲ್ಕು ಜನರನ್ನು ತರಬೇಡಿ. ನಿಮ್ಮ ಹನ್ನೊಂದು ಜನರ ಹಣ ಎತ್ತಿಕೊಡುವ ಸದುದ್ದೇಶದಿಂದ ತಂದರೂ ತರಬೇಡಿ. ಇಷ್ಟು ದಿನ ತಿಳಿಯದೆ ಮಾಡಿದ್ದು, ಇನ್ನು ಮುಂದೆ ತಿಳಿದೂ ಮಾಡಿದ್ದಾಗುತ್ತದೆ, ಕಾನೂನಿನ ಕಣ್ಣಿನಲ್ಲಿ ಈ ವ್ಯತ್ಯಾಸ ದೊಡ್ಡದು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆಯು, ಇಂಥ ಯೋಜನೆಗೆ ಹಣ ಹಾಕುವಂತೆ ತಿಳಿದೂ ಸುಳ್ಳು ಹೇಳಿ ಇತರರನ್ನು ಪ್ರೇರೇಪಿಸುವವರನ್ನೂ ಶಿಕ್ಷಿಸುತ್ತದೆ.

ಎರಡನೆಯದಾಗಿ, ಶೇಕಡಾ 18ರ ತೆರಿಗೆಯನ್ನು ಕಟ್ಟಬೇಡಿ. ಮೂಲದಲ್ಲೇ ತೆರಿಗೆ ಕಡಿತವಾಗಬೇಕಾದರೆ ಹಣ ಕೊಡುವವನು ಅದನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ನಿಮ್ಮ ಹಣ ತನ್ನಲ್ಲೇ ಇರುವಾಗ ತೆರಿಗೆಯನ್ನು ಬೇರೆಯಾಗಿ ಕಳುಹಿಸಿ ಎನ್ನುವವನು ಕೊನೆಯ ಬಾರಿಗೆ ಕೈಚಾಚುತ್ತಿದ್ದಾನೆ. ವಾಲೆಟ್‌ನಲ್ಲಿ ಕಾಣುವ ದೊಡ್ಡ ಮೊತ್ತ ಪರದೆಯ ಮೇಲಿನ ಅಂಕಿ ಅಷ್ಟೇ. ನೀವು ನಿಜವಾಗಿ ಕಳೆದುಕೊಂಡಿರುವುದು ಕಟ್ಟಿದ ಹಣವನ್ನು, ದೂರಿನಲ್ಲಿಯೂ ಆ ಮೊತ್ತವನ್ನೇ ಬರೆಯಿರಿ.

ಇವತ್ತು ಮಾಡಬೇಕಾದ ಕೆಲಸವೆಂದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು. ಹಣ ಹೋಗಿ ಗಂಟೆಗಳಾಗಿದ್ದರೆ ಅದು ತಲುಪಿದ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು, ವಾರಗಳಾದ ಮೇಲೆ ಕಡಿಮೆ. ಆದರೂ ದೂರು ಇದ್ದರೆ ಮಾತ್ರ ನೀವು ಮುಂದಿನ ಲೆಕ್ಕಕ್ಕೆ ಬರುತ್ತೀರಿ. ಪ್ರತಿ ಪಾವತಿಯ ದಿನಾಂಕ, ಮೊತ್ತ, ಹನ್ನೆರಡು ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ, ಹಣ ಹೋದ ಖಾತೆ ಅಥವಾ ಯುಪಿಐ ವಿಳಾಸ, ಇವಿಷ್ಟನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಿಡಿ. ಸಿಟ್ಟಿನಲ್ಲಿ ವಾಟ್ಸಾಪ್ ಗುಂಪಿನಿಂದ ಹೊರಬರುವುದಾಗಲಿ, ಹೆದರಿ ಚಾಟ್ ಅಳಿಸುವುದಾಗಲಿ, ಆ್ಯಪ್ ತೆಗೆದುಹಾಕುವುದಾಗಲಿ ಮಾಡಬೇಡಿ. ವಾಯ್ಸ್ ಮೆಸೇಜ್‌ಗಳನ್ನೂ ಉಳಿಸಿಕೊಳ್ಳಿ. ಬಳಿಕ ಉಡುಪಿಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹನ್ನೊಂದು ಜನರೂ ನಿಮ್ಮೊಂದಿಗೆ ಬಂದರೆ ಉತ್ತಮ. ಯೋಜನೆ ನಡೆಸಿದವರ ಆಸ್ತಿ ರಾಜ್ಯದಲ್ಲಿ ಪತ್ತೆಯಾದರೆ ಠೇವಣಿದಾರರ ಹಿತರಕ್ಷಣೆಯ 2004ರ ಕರ್ನಾಟಕ ಕಾಯ್ದೆಯಡಿ ಅದನ್ನು ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹಂಚಲು ಅವಕಾಶವಿದೆ. ಇದು ನಿಧಾನದ ದಾರಿ, ಪೂರ್ತಿ ಹಣ ಸಿಗುತ್ತದೆಂದು ಭರವಸೆ ಕೊಡಲಾರೆ.

ಇನ್ನು ನೀವು ಕೇಳದೆ ಬಿಟ್ಟ ಪ್ರಶ್ನೆ. ಆ ಹನ್ನೊಂದು ಐಡಿಗಳಿಂದ ನಿಮಗೆ ಕಮಿಷನ್ ಬಂದಿರಲೇಬೇಕು. ಒಬ್ಬ ವಕೀಲರನ್ನು ಕಂಡು, ಪೊಲೀಸರ ಮುಂದೆ ಆ ಮೊತ್ತವನ್ನು ನೀವೇ ಮೊದಲು ಹೇಳಿ, ಯಾರ ಪಾವತಿಯಿಂದ ಬಂದದ್ದೋ ಅವರಿಗೆ ಬರವಣಿಗೆಯಲ್ಲಿ ರಸೀದಿ ಪಡೆದು ಹಿಂದಿರುಗಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಬಳೆ ಅಡವಿಟ್ಟವರಿಂದ ಆರಂಭಿಸಿ. ಅತ್ತಿಗೆಗೆ ‘ಸ್ವಲ್ಪ ದಿನ ಕಾಯೋಣ’ ಎನ್ನುವುದನ್ನು ಮಾತ್ರ ನಿಲ್ಲಿಸಿ, ಏಕೆಂದರೆ ಅವರು ಕಾಯುತ್ತಿರುವಾಗ ತೆರಿಗೆಯ ಹೆಸರಿನಲ್ಲಿ ಇನ್ನೊಂದು ಸಲ ಹಣ ಕಟ್ಟಿಬಿಡಬಹುದು. ಹಣ ಹೋದವರ ಪಟ್ಟಿ ಬೇರೆ ವಂಚಕರ ಕೈಸೇರುವುದೂ ಉಂಟು. ಮುಂದಿನ ತಿಂಗಳುಗಳಲ್ಲಿ ಯಾರಾದರೂ ಕರೆ ಮಾಡಿ, ನಿಮ್ಮ ಹಣ ಬಿಡಿಸಿಕೊಡುತ್ತೇವೆ, ಶುಲ್ಕ ಕಟ್ಟಿ ಎಂದರೆ ಅದು ಅದೇ ಮೋಸದ ಎರಡನೆಯ ಅಂಕ ಎಂದು ಹನ್ನೊಂದು ಜನರಿಗೂ ಈಗಲೇ ತಿಳಿಸಿ.

ಪ್ರಶ್ನೆ: ಟೆಲಿಗ್ರಾಮ್‌ನಲ್ಲಿ ಹೋಟೆಲುಗಳಿಗೆ ಗೂಗಲ್ ರಿವ್ಯೂ ಬರೆಯುವ ಪಾರ್ಟ್ ಟೈಮ್ ಕೆಲಸ ಸಿಕ್ಕಿತು. ಮೊದಲ ದಿನ 150 ರೂಪಾಯಿ ಬಂತು. ಆಮೇಲೆ ಪ್ರೀಪೇಯ್ಡ್ ಟಾಸ್ಕ್ ಎಂದು 5,000 ರೂಪಾಯಿ ಕೇಳಿದರು, ನಾನು ಕೊಡಲಿಲ್ಲ. ಆದರೆ ಅವರು ಹೇಳಿದಂತೆ ನನ್ನ ಖಾತೆಗೆ ಬಂದ ಹಣವನ್ನು ಎರಡು ಸಲ ಬೇರೆಯವರಿಗೆ ಕಳುಹಿಸಿ ಕಮಿಷನ್ ಪಡೆದೆ. ಈಗ ನನ್ನ ಖಾತೆ ಫ್ರೀಜ್ ಆಗಿದೆ. (ವಿದ್ಯಾರ್ಥಿ, ಮಣಿಪಾಲ)

ಉತ್ತರ: 5,000 ರೂಪಾಯಿ ಕೊಡದೆ ಬುದ್ಧಿವಂತಿಕೆ ತೋರಿದ ನೀವು ಅದಕ್ಕಿಂತ ದೊಡ್ಡದನ್ನು ಕೊಟ್ಟಿದ್ದೀರಿ, ನಿಮ್ಮ ಖಾತೆಯನ್ನು. ನಿಮಗೆ ಬಂದು ಹೋದ ಆ ಹಣ ಬಹುಶಃ ಬೇರೆ ಊರಿನಲ್ಲಿ ಪ್ರೀಪೇಯ್ಡ್ ಟಾಸ್ಕ್‌ಗೆ ಹಣ ಕಟ್ಟಿದವರದು. ಅವರು 1930ಕ್ಕೆ ದೂರು ಕೊಟ್ಟಾಗ ಹಣದ ಜಾಡು ನಿಮ್ಮ ಖಾತೆಯ ಮೂಲಕ ಹಾದದ್ದು ಕಂಡಿದೆ. ಇಂಥ ಖಾತೆಗಳನ್ನು ಮ್ಯೂಲ್ ಖಾತೆ ಎನ್ನುತ್ತಾರೆ, ಖಾತೆದಾರನ ಮೇಲೂ ಪ್ರಕರಣ ದಾಖಲಾಗಬಹುದು.

ಮನೆಯಲ್ಲಿ ಹಿರಿಯರಿಗೆ ವಿಷಯ ಹೇಳಿ, ಅವರೊಂದಿಗೆ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ ಯಾವ ರಾಜ್ಯದ ಯಾವ ಠಾಣೆಯ ಸೂಚನೆಯಂತೆ ಖಾತೆ ತಡೆಹಿಡಿಯಲಾಗಿದೆ, ದೂರಿನ ಸ್ವೀಕೃತಿ ಸಂಖ್ಯೆ ಯಾವುದು ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ಟೆಲಿಗ್ರಾಮ್ ಸಂಭಾಷಣೆಯ ಪ್ರತಿಗಳು ಮತ್ತು ಖಾತೆಯ ಸ್ಟೇಟ್‌ಮೆಂಟ್ ಹಿಡಿದುಕೊಂಡು ವಕೀಲರೊಬ್ಬರ ಸಲಹೆ ಪಡೆದ ಬಳಿಕವೇ ಆ ಠಾಣೆಗೆ ಉತ್ತರ ಬರೆಯಿರಿ. ಕಮಿಷನ್ ಆಗಿ ಬಂದ ಮೊತ್ತವನ್ನು ಖರ್ಚು ಮಾಡಿದ್ದರೆ ಅಷ್ಟನ್ನು ಹೊಂದಿಸಿಟ್ಟುಕೊಳ್ಳಿ, ಅದನ್ನು ವಾಪಸು ಕೇಳುತ್ತಾರೆ. ಗೆಳೆಯರ ಖಾತೆಯನ್ನು ‘ತಾತ್ಕಾಲಿಕವಾಗಿ’ ಬಳಸಿಕೊಳ್ಳಿ ಎಂದು ಟೆಲಿಗ್ರಾಮ್‌ನವರು ಈಗ ಸಲಹೆ ಕೊಡುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ಇನ್ನೊಬ್ಬನ ಖಾತೆಯೂ ಫ್ರೀಜ್ ಆಗುವುದು ಹಾಗೆಯೇ.